ಮೇಲೆ ಆಕಾಶದಲ್ಲಿ ಯಾರು ದಿಕ್ಕು?



ಚಳ್ಳಕೆರೆ ಕಡೆಯ ಬಂಧುಗಳೊಬ್ಬರು ಈ ಅಂಕಣಕ್ಕೆ ಒಂದು ಕಾಗದ ಬರೆದಿದ್ದಾರೆ. ಮೂರು ತಲೆಮಾರಿನಿಂದ ಎಣ್ಣೆ ವ್ಯಾಪಾರ ಮಾಡಿಕೊಂಡು ಬಂದ ಮನೆತನ. ಇರುವ ಒಬ್ಬ ಮಗ ಪಿ.ಯು.ಸಿ. ಮುಗಿಸಿ, ತಾನು ಪೈಲಟ್ಟೇ ಆಗುವುದೆಂದು ಹಟ ಹಿಡಿದಿದ್ದಾನೆ. ಊರ ಹೊರಗೆ ಒಂದು ಸೈಟು ಇದೆ, ಅದನ್ನು ಮಾರಿದರೆ ಖರ್ಚಿಗೆ ದಾರಿಯಾಗುತ್ತದೆ, ಅದರ ಯೋಚನೆ ಇಲ್ಲ ಎಂದು ಬರೆದು, ಕೊನೆಗೆ ಅವರು ಕೇಳಿರುವುದು ಇಷ್ಟು: "ಅಂಗಡಿಯಲ್ಲಿ ಕೂತಿದ್ದರೆ ಅವನ ಪಕ್ಕದಲ್ಲಿ ನಾನಿರುತ್ತಿದ್ದೆ, ಅವನ ಚಿಕ್ಕಪ್ಪ ಇರುತ್ತಿದ್ದ, ನಲವತ್ತು ವರ್ಷದ ಹಳೆಯ ಗುಮಾಸ್ತರಿರುತ್ತಿದ್ದರು. ತಪ್ಪಿದರೆ ತಿದ್ದುತ್ತಿದ್ದೆವು, ಸೋತರೆ ಎತ್ತುತ್ತಿದ್ದೆವು. ಮೇಲೆ ಆಕಾಶದಲ್ಲಿ ಅವನಿಗೆ ಯಾರು ದಿಕ್ಕು?"

ನಾನು ಮೆಟ್ರಿಕ್ ಓದಿದ ವ್ಯಾಪಾರಿ. ವಿಮಾನ ಹತ್ತಿದ್ದು ಆರೇಳು ಸಲ, ಅದರಲ್ಲಿ ಎರಡು ಸಲ ಶಿಖರ್ಜಿ ಯಾತ್ರೆಗೆ. ನಮ್ಮ ಗೋರಂಟ್ಲದವರಿಗೆ ಈಗ ವಿಮಾನ ನಿಲ್ದಾಣ ದೂರವೇನಲ್ಲ. ಪಾಲಸಮುದ್ರದ ಹತ್ತಿರ ಹೆದ್ದಾರಿ ಸೇರಿದರೆ ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿ ನೇರ ದೇವನಹಳ್ಳಿ. (ಅದೇ ಪಾಲಸಮುದ್ರದಲ್ಲಿ 2024ರ ಜನವರಿಯಲ್ಲಿ ಸುಂಕ ಮತ್ತು ತೆರಿಗೆ ಅಧಿಕಾರಿಗಳಿಗೆ ತರಬೇತಿ ಕೊಡುವ ರಾಷ್ಟ್ರೀಯ ಅಕಾಡೆಮಿ ಉದ್ಘಾಟನೆಯಾಯಿತು. ಅದರ ಮುಂದೆ ಹಾಯುವಾಗ ವ್ಯಾಪಾರಿಗಳಾದ ನಾವು ಸ್ವಲ್ಪ ನೆಟ್ಟಗೆ ಕೂರುವುದುಂಟು.) ಆದರೆ ವಿಮಾನದ ಮುಂದಿನ ಕೋಣೆಯೊಳಗೆ ಏನು ನಡೆಯುತ್ತದೆ ಎಂಬುದು ನನಗೆ ಗೊತ್ತಿದ್ದುದು ಕಡಿಮೆ. ನನ್ನ ಷಡ್ಡಕರ ಮಗ ಆರು ವರ್ಷದಿಂದ ಸಹಪೈಲಟ್ಟಾಗಿದ್ದಾನೆ. ಹಿಂದೂಪುರದಲ್ಲಿ ನಡೆದ ಮದುವೆಯಲ್ಲಿ ಅವನನ್ನು ಹಿಡಿದು ಕೂರಿಸಿಕೊಂಡು ಕೇಳಿದೆ. ಅಪಘಾತಗಳ ತನಿಖಾ ವರದಿಗಳನ್ನು ಮೊಮ್ಮಗಳಿಂದ ಓದಿಸಿ ಅರ್ಥ ಮಾಡಿಕೊಂಡೆ. ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ದೊಡ್ಡ ವಿಮಾನದಲ್ಲಿ ಎರಡು ಕುರ್ಚಿ. ಎಡಗಡೆ ಕ್ಯಾಪ್ಟನ್, ಬಲಗಡೆ ಸಹಪೈಲಟ್. ಸಹಪೈಲಟ್ ಎಂದರೆ ಕ್ಯಾಪ್ಟನ್ನರ ಕೈಕೆಳಗಿನ ಹುಡುಗ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಅವನೂ ಪೂರ್ತಿ ಲೈಸೆನ್ಸ್ ಇರುವ ಪೈಲಟ್ಟೇ. ಒಂದು ಹಾರಾಟದಲ್ಲಿ ಕ್ಯಾಪ್ಟನ್ ನಡೆಸಿದರೆ ಇನ್ನೊಂದರಲ್ಲಿ ಇವನು ನಡೆಸುತ್ತಾನೆ. ನಡೆಸದೇ ಇರುವವನ ಕೆಲಸ ನಡೆಸುವವನನ್ನು ಗಮನಿಸುವುದು. ಜಕ್ಕೂರಿನಂಥ ಶಾಲೆಗಳಲ್ಲಿ ಕಲಿಯುವಾಗ ಹುಡುಗ ಎಡಗಡೆ, ಗುರು ಬಲಗಡೆ ಕೂರುತ್ತಾರಂತೆ. ಇನ್ನೂರು ಗಂಟೆ ಹಾರಿ ಲೈಸೆನ್ಸ್ ಪಡೆದು ಕಂಪನಿಗೆ ಸೇರಿದ ಮೇಲೆ ಹುಡುಗ ಬಲಗಡೆಗೆ ಬರುತ್ತಾನೆ. ಹೀಗೆ ಮೊದಲು ಗುರು ಕೂತಿದ್ದ ಕುರ್ಚಿಯಲ್ಲೇ ಶಿಷ್ಯ ಕೂತು, ಪಕ್ಕದ ಹಿರಿಯರನ್ನು ಕಣ್ಣಿಟ್ಟು ನೋಡಬೇಕು. ತಪ್ಪು ಕಂಡರೆ ಬಾಯಿಬಿಟ್ಟು ಹೇಳಬೇಕು. ಈ ಕೆಲಸ ಕೇಳಿದಷ್ಟು ಸುಲಭವಲ್ಲ.

ನಮ್ಮ ಕಡೆಯವರಿಗೆ ನೆನಪಿರಬಹುದು. 1990ರ ಫೆಬ್ರವರಿ 14ರಂದು ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿದ್ದು ಉರಿಯಿತು. 146 ಜನರಲ್ಲಿ 92 ಜನ ಹೋದರು. ವಿಮಾನ ಹೊಚ್ಚ ಹೊಸದು, ಏರ್‌ಬಸ್ ಎ-320, ಬಂದು ಎರಡು ತಿಂಗಳೂ ಆಗಿರಲಿಲ್ಲ. ಅಂದು ಎಡಗಡೆ ಕೂತಿದ್ದ ಕ್ಯಾಪ್ಟನ್ ಫರ್ನಾಂಡಿಸ್ ಈ ಜಾತಿಯ ವಿಮಾನದ ಹಿರಿತನಕ್ಕೆ ಏರಲು ಮಾರ್ಗ ಪರೀಕ್ಷೆ ಕೊಡುತ್ತಿದ್ದರು. ಬಲಗಡೆ ಇದ್ದವರು ಪರೀಕ್ಷಕರಾದ ಕ್ಯಾಪ್ಟನ್ ಗೋಪುಜಕರ್. ಅಂದರೆ ಅದು ಪಾಠದ ಹಾರಾಟವೇ. ಇಳಿಯುವಾಗ ಎಂಜಿನ್ನುಗಳು ತೀರ ಕಡಿಮೆ ಬಲದಲ್ಲಿ ಓಡುತ್ತಿದ್ದವು. ವೇಗ ಕುಸಿಯುತ್ತಿತ್ತು, ಎತ್ತರವೂ ಕುಸಿಯುತ್ತಿತ್ತು. ಯಂತ್ರ ಯಾವ ಸ್ಥಿತಿಯಲ್ಲಿದೆ ಎಂಬುದು ಇಬ್ಬರಿಗೂ ಮಾತಿನಲ್ಲಿ ಗೊತ್ತಿತ್ತು. ಆದರೂ ಅದರ ಅಪಾಯ ಎಷ್ಟೆಂದು ಮನಸ್ಸಿಗೆ ನಾಟಿ, ಎಂಜಿನ್ನಿಗೆ ಬಲ ಕೊಡುವಷ್ಟರಲ್ಲಿ ಹೊತ್ತು ಮೀರಿತ್ತು. ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ಟರ ತನಿಖೆ ಇದನ್ನೇ ಹೇಳಿತು.

ನನ್ನ ಅನಿಸಿಕೆ ಹೇಳುವುದಾದರೆ, ಇಬ್ಬರು ಜಾಣರು ಒಂದೇ ಕಡೆ ಕೂತಾಗ ಬರುವ ತೊಂದರೆ ಇದು. ಪಾಠ ಹೇಳುವವರು ಪಾಠದಲ್ಲಿ, ಕೇಳುವವರು ಒಪ್ಪಿಸುವುದರಲ್ಲಿ ಮುಳುಗಿದರೆ ತಕ್ಕಡಿಯ ಮುಳ್ಳು ನೋಡುವವರು ಯಾರು? ಆ ಇಬ್ಬರೂ ಅಂದೇ ತೀರಿಕೊಂಡರು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ.

ಈ ವಿಷಯಕ್ಕೆ ಜಗತ್ತಿನಲ್ಲಿ ಮೊದಲು ತಲೆಕೆಡಿಸಿಕೊಂಡವರು ಅಮೆರಿಕದವರು. 1978ರ ಡಿಸೆಂಬರಿನಲ್ಲಿ ಅಲ್ಲಿಯ ಪೋರ್ಟ್‌ಲ್ಯಾಂಡ್ ಊರಿನ ಮೇಲೆ ಯುನೈಟೆಡ್ ಕಂಪನಿಯ ಒಂದು ವಿಮಾನ ಚಕ್ರದ ತೊಂದರೆ ಎಂದು ಸುತ್ತುತ್ತಲೇ ಇತ್ತು. ಕ್ಯಾಪ್ಟನ್ನರ ಗಮನವೆಲ್ಲ ಚಕ್ರದ ಮೇಲೆ. ಇಂಧನ ತೀರುತ್ತಿದೆ ಎಂದು ಜೊತೆಯವರು ಹೇಳಿದರು. ಆದರೆ ಹಿರಿಯರ ಮುಂದೆ ಹೇಳುವ ಹಾಗೆ ಮೆಲ್ಲಗೆ, ಸುತ್ತಿ ಬಳಸಿ ಹೇಳಿದರು. ಎಂಜಿನ್ನುಗಳು ಒಂದೊಂದಾಗಿ ನಿಂತವು, ವಿಮಾನ ಊರ ಅಂಚಿನ ಮರಗಳ ನಡುವೆ ಬಿತ್ತು, ಹತ್ತು ಜನ ಸತ್ತರು. ಆಮೇಲೆ 1981ರಲ್ಲಿ ಆ ಕಂಪನಿ ತನ್ನ ಪೈಲಟ್ಟರಿಗೆಲ್ಲ ಒಂದು ಹೊಸ ಪಾಠ ಶುರು ಮಾಡಿತು. ವಿಮಾನ ಹಾರಿಸುವುದು ಅವರಿಗೆ ಬರುತ್ತಿತ್ತು. ಕಿರಿಯ ಹೇಗೆ ಹೇಳಬೇಕು, ಹಿರಿಯ ಹೇಗೆ ಕೇಳಬೇಕು ಎಂಬುದನ್ನು ಕಲಿಸಿದರು. ಇಂದು ಎಲ್ಲ ದೇಶಗಳ ಪೈಲಟ್ಟರೂ ಕಲಿಯಬೇಕಾದ ಈ ಪಾಠಕ್ಕೆ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂದು ಹೆಸರು. ನನ್ನ ಷಡ್ಡಕರ ಮಗ ಚಿಕ್ಕದಾಗಿ ಸಿ.ಆರ್.ಎಂ. ಎನ್ನುತ್ತಾನೆ.

ಅದರ ಫಲ ಕಂಡದ್ದು 1989ರ ಜುಲೈಯಲ್ಲಿ. ಅದೇ ಕಂಪನಿಯ ಇನ್ನೊಂದು ವಿಮಾನದ ಹಿಂದಿನ ಎಂಜಿನ್ ಒಡೆದು, ರೆಕ್ಕೆ ಬಾಲ ಆಡಿಸುವ ಎಣ್ಣೆಯೆಲ್ಲ ಸೋರಿಹೋಯಿತು. ಕಾರಿನಲ್ಲಿ ಸ್ಟಿಯರಿಂಗು ಕಿತ್ತು ಕೈಗೆ ಬಂದ ಹಾಗೆ. ಪ್ರಯಾಣಿಕರಲ್ಲಿ ಆ ಕಂಪನಿಯದೇ ತರಬೇತಿ ಪೈಲಟ್ ಡೆನಿಸ್ ಫಿಚ್ ಎಂಬುವರಿದ್ದರು. ನಾನೇನಾದರೂ ಮಾಡಬಹುದೇ ಎಂದು ಹೇಳಿಕಳಿಸಿದರು. ಕ್ಯಾಪ್ಟನ್ ಆಲ್ ಹೇನ್ಸ್ ಒಳಕ್ಕೆ ಕರೆದು, ಉಳಿದಿದ್ದ ಎರಡು ಎಂಜಿನ್ನುಗಳ ಬಲ ಹೆಚ್ಚು ಕಡಿಮೆ ಮಾಡುವ ಕೆಲಸ ಅವರ ಕೈಗೆ ಕೊಟ್ಟರು. ನಾಲ್ವರೂ ಮಾತಾಡಿಕೊಳ್ಳುತ್ತ ವಿಮಾನವನ್ನು ಸೂ ಸಿಟಿ ಎಂಬ ಊರಿನ ರನ್‌ವೇವರೆಗೆ ತಂದರು. ಇಳಿಯುವಾಗ ವಿಮಾನ ಮುರಿದು 112 ಜನ ಸತ್ತರು, ನಿಜ. ಆದರೆ 184 ಜನ ಉಳಿದರು. ಆ ಸ್ಥಿತಿಯಲ್ಲಿ ಒಬ್ಬರೂ ಉಳಿಯಬೇಕಾದ್ದಿರಲಿಲ್ಲ. ಕ್ಯಾಪ್ಟನ್ ಹೇನ್ಸ್ ಆಮೇಲೆ ಊರೂರು ತಿರುಗಿ ಭಾಷಣ ಮಾಡುವಾಗ ಈ ಪಾಠಕ್ಕೇ ಶ್ರೇಯಸ್ಸು ಕೊಡುತ್ತಿದ್ದರು.

ಈಗ ಮಂಗಳೂರಿನ ಮಾತಿಗೆ ಬರುತ್ತೇನೆ. ಬರೆಯುವುದಕ್ಕೆ ಕೈ ಹಿಂಜರಿಯುತ್ತದೆ. ಏಕೆಂದರೆ ಆ ವಿಮಾನದಲ್ಲಿದ್ದವರು ಹೆಚ್ಚಿನಂಶ ಕಾಸರಗೋಡು, ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆಯವರು, ದುಬೈಯಲ್ಲಿ ದುಡಿದು ರಜಕ್ಕೆ ಮನೆಗೆ ಬರುತ್ತಿದ್ದವರು. 2010ರ ಮೇ 22, ಬೆಳಗಿನ ಆರು ಗಂಟೆಯ ಸುಮಾರು. ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ. ಕ್ಯಾಪ್ಟನ್ ಸರ್ಬಿಯಾ ದೇಶದವರು, ಹತ್ತು ಸಾವಿರ ಗಂಟೆಗೂ ಮೀರಿ ಹಾರಿದ ಅನುಭವಿಗಳು. ಸಹಪೈಲಟ್ ಅಹ್ಲುವಾಲಿಯಾ ಎಂಬುವರು. ಮಂಗಳೂರಿಗೆ ಕ್ಯಾಪ್ಟನ್ನರಿಗಿಂತ ಹೆಚ್ಚು ಸಲ ಬಂದು ಹೋದವರು ಅವರೇ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ, ಮುಗಿದರೆ ಕಣಿವೆ.

ದಾರಿಯಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆ ಹೋಗಿದ್ದರು. ಗೊರಕೆಯ ಸದ್ದು ಧ್ವನಿಮುದ್ರಣ ಯಂತ್ರದಲ್ಲಿ ಉಳಿದಿದೆ. ರಾತ್ರಿ ಕಳೆದು ಬೆಳಗಾಗುವ ಆ ಹೊತ್ತಿನಲ್ಲಿ ನಿದ್ದೆಯಿಂದ ಎದ್ದವರ ತಲೆ ತಕ್ಷಣ ತಿಳಿಯಾಗುವುದಿಲ್ಲ ಎಂದು ತನಿಖೆಯವರು ಬರೆದಿದ್ದಾರೆ. ಸಾಲದ್ದಕ್ಕೆ ಮಂಗಳೂರಿನ ರೇಡಾರ್ ಕೆಟ್ಟಿತ್ತು. ಹಾಗಾಗಿ ಕೆಳಗಿಳಿಯುವುದು ತಡವಾಯಿತು. ಇಳಿಯುವ ದಾರಿಗೆ ಬಂದಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಮೇಲಿತ್ತು. ಸಹಪೈಲಟ್ "ಗೋ ಅರೌಂಡ್" ಎಂದರು. ಅಂದರೆ ಇಳಿಯುವುದು ಬೇಡ, ಮತ್ತೆ ಮೇಲಕ್ಕೆ ಹೋಗಿ ಸುತ್ತು ಹಾಕಿ ಬರೋಣ ಎಂದು. ಹಾಗೆ ಮಾಡಿದ್ದರೆ ಹೋಗುತ್ತಿದ್ದುದು ಹತ್ತು ಹದಿನೈದು ನಿಮಿಷ ಮತ್ತು ಒಂದಿಷ್ಟು ಇಂಧನ. ಒಂದು ಸಲ ಹೇಳಿದರು, ಎರಡು ಸಲ ಹೇಳಿದರು, ಮೂರು ಸಲ ಹೇಳಿದರು. ಯಂತ್ರವೂ ತನ್ನ ಪಾಲಿನ ಎಚ್ಚರಿಕೆ ಕೂಗುತ್ತಲೇ ಇತ್ತು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಬ್ರೇಕು ಹಾಕಿದ ಮೇಲೆ, ಆಗದ ಹೊತ್ತಿನಲ್ಲಿ, ಮತ್ತೆ ಮೇಲೇರಿಸಲು ನೋಡಿದರು. 166 ಜನರಲ್ಲಿ ಉಳಿದವರು 8 ಮಂದಿ.

ಏರ್ ಮಾರ್ಷಲ್ ಗೋಖಲೆಯವರ ತನಿಖಾ ವರದಿಯಲ್ಲಿ ನನ್ನ ಮನಸ್ಸು ಕಲಕಿದ ವಾಕ್ಯ ಒಂದಿದೆ. ಇಂಥ ಹೊತ್ತಿನಲ್ಲಿ ಸಹಪೈಲಟ್ ತಾನೇ ಹಿಡಿತ ತೆಗೆದುಕೊಳ್ಳಬಹುದೇ ಎಂಬ ಬಗ್ಗೆ ನಿಯಮಗಳಲ್ಲಿ ಗೊಂದಲವಿತ್ತು. ಬಹುಶಃ ಅದಕ್ಕೇ ಅವರು ಮತ್ತೆ ಮತ್ತೆ ಹೇಳಿದರೇ ಹೊರತು ಕೈ ಹಾಕಲಿಲ್ಲ. ಮೂರು ಸಲ ಹೇಳಿ ಸುಮ್ಮನೆ ಕೂತರು. ಪ್ರಾಣ ಹೋಗುವ ಹೊತ್ತಿನಲ್ಲೂ ಹಿರಿಯರ ಕೈಯಿಂದ ಕಿತ್ತುಕೊಳ್ಳಬಾರದೆಂದು ಕೂತರು.

ಓದುಗರೇ, ಇದು ನಮಗೆ ಗೊತ್ತಿಲ್ಲದ ವಿಷಯವೇ? ನಮ್ಮ ಅಂಗಡಿಗಳಲ್ಲಿ ದಿನವೂ ನಡೆಯುತ್ತದೆ. ಉದ್ರಿ ಕೇಳಲು ಬಂದ ಪಾರ್ಟಿಯ ಕೈ ಸಡಿಲವಾಗಿದೆ ಎಂದು ತಮ್ಮನಿಗೆ ಗೊತ್ತಿರುತ್ತದೆ. ಅಣ್ಣ ಚೀಟಿ ಬರೆಯಲು ಕೂತಿದ್ದಾನೆ. ತಮ್ಮ ಏನೆನ್ನುತ್ತಾನೆ? "ಅಣ್ಣಾ, ಹೋದ ದೀಪಾವಳಿಯದೂ ಸ್ವಲ್ಪ ಬಾಕಿ ಇರಬೇಕು ನೋಡಿ" ಎನ್ನುತ್ತಾನೆ. ಕೊಡಬೇಡಿ ಎಂದು ಹೇಳುವುದಿಲ್ಲ. ಹೇಳಿದರೆ ಗಿರಾಕಿ ಮುಂದೆ ಅಣ್ಣನ ಮಾನ ಹೋಗುತ್ತದೆ ಎಂಬ ಸಂಕೋಚ. ಅಣ್ಣ ಕೇಳಿಯೂ ಕೇಳದವನ ಹಾಗೆ ಸಹಿ ಹಾಕುತ್ತಾನೆ. ಅಲ್ಲಿ ಹೋಗುವುದು ಇಪ್ಪತ್ತು ಮೂವತ್ತು ಸಾವಿರ, ಖಾತೆಯಲ್ಲಿ ಬರೆದುಕೊಳ್ಳುತ್ತೇವೆ. ಈ ಸಂಕೋಚ ನಮಗೆ ತೊಟ್ಟಿಲಿನಿಂದ ಬಂದದ್ದು, ಕೆಟ್ಟದ್ದೆಂದು ನಾನು ಹೇಳಲಾರೆ. ಹಿರಿಯರ ಮುಂದೆ ಕಾಲು ಚಾಚದ ಮನೆಗಳಲ್ಲಿ ಬೆಳೆದವರು ನಾವು. ಆದರೆ ಅದೇ ಹುಡುಗ ಸಮವಸ್ತ್ರ ಹಾಕಿ ಬಲಗಡೆ ಕುರ್ಚಿಯಲ್ಲಿ ಕೂತಾಗ ಆ ಸಂಕೋಚವನ್ನೂ ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತಾನೆ.

"ದೊಡ್ಡಪ್ಪ, ನಮಗೆ ಅಲ್ಲಿ ಎಲ್ಲ ಮಾತೂ ಇಂಗ್ಲಿಷಿನಲ್ಲೇ. ಅದರಲ್ಲಿ ನೀವು, ನೀನು ಎಂಬ ಭೇದವಿಲ್ಲ. ಆದರೆ ಪ್ರತಿ ವಾಕ್ಯದ ಹಿಂದೆ ಸರ್, ಸರ್ ಅಂತ ನಾವೇ ಅಂಟಿಸಿಬಿಡುತ್ತೇವೆ" ಎಂದು ಷಡ್ಡಕರ ಮಗ ನಕ್ಕ.

ಮಂಗಳೂರಿನ ಪಾಠ ಕಲಿತೆವೇ? 2020ರ ಆಗಸ್ಟ್ 7ರ ರಾತ್ರಿ, ಕೊರೋನಾ ಕಾಲದಲ್ಲಿ ಜನರನ್ನು ದುಬೈಯಿಂದ ಕರೆತರುತ್ತಿದ್ದ ಅದೇ ಕಂಪನಿಯ ವಿಮಾನ, ಅಂಥದೇ ಗುಡ್ಡದ ನೆತ್ತಿಯ ಕೋಳಿಕ್ಕೋಡ್ ರನ್‌ವೇಯಲ್ಲಿ, ಮಳೆಯಲ್ಲಿ, ಅರ್ಧ ದಾರಿ ದಾಟಿದ ಮೇಲೆ ನೆಲ ಮುಟ್ಟಿ ಕೆಳಗೆ ಬಿತ್ತು. ಇಬ್ಬರು ಪೈಲಟ್ಟರೂ ಸೇರಿ 21 ಜನ ತೀರಿಕೊಂಡರು. ಮುಂದಿನ ವರ್ಷ ಬಂದ ತನಿಖಾ ವರದಿಯನ್ನು ಮೊಮ್ಮಗಳು ಓದುತ್ತಿದ್ದಾಗ, ಮಂಗಳೂರಿನದನ್ನೇ ಮತ್ತೆ ಓದುತ್ತಿದ್ದೀಯಲ್ಲ ಎಂದು ಕೇಳಿದೆ. ಇಲ್ಲ ಅಜ್ಜಾ, ಇದು ಬೇರೆ ಎಂದಳು. ಸಹಪೈಲಟ್ "ಗೋ ಅರೌಂಡ್" ಎಂದರು, ಕ್ಯಾಪ್ಟನ್ ಕೇಳಲಿಲ್ಲ, ಸಹಪೈಲಟ್ ಹಿಡಿತ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷದ ಅಂತರದಲ್ಲಿ ಅದೇ ಮಾತು, ಅದೇ ಮೌನ. ಆದರೆ ಈ ಸಲ ತನಿಖೆಯವರು ಒಂದು ಹೆಜ್ಜೆ ಮುಂದೆ ಹೋಗಿ, ಹಿಡಿತ ತೆಗೆದುಕೊಳ್ಳದೇ ಇದ್ದುದನ್ನೂ ಕಾರಣಗಳಲ್ಲಿ ಸೇರಿಸಿದರು.

ಹುಡುಗರಿಗೆ ಈಗ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತಾರಂತೆ. ಮೊದಲು ಪ್ರಶ್ನೆಯ ರೂಪದಲ್ಲಿ ಕೇಳುವುದು. ಆಮೇಲೆ ಇದು ಸರಿಯಿಲ್ಲ ಎಂದು ಎಚ್ಚರಿಸುವುದು. ಆಮೇಲೆ ಖಂಡಿತವಾಗಿ ಬೇಡವೆನ್ನುವುದು. ಎರಡು ಸಲ ಸ್ಪಷ್ಟವಾಗಿ ಹೇಳಿದರೂ ಉತ್ತರ ಬರದಿದ್ದರೆ, ಪಕ್ಕದವರಿಗೆ ಮೈ ಸರಿಯಿಲ್ಲ ಎಂದೇ ತಿಳಿದು "ಐ ಹ್ಯಾವ್ ಕಂಟ್ರೋಲ್" ಎಂದು ಹೇಳಿ ತಾನೇ ನಡೆಸುವುದು. ಯಂತ್ರದ ಮಾದರಿಯಲ್ಲಿ, ಅಂದರೆ ಸಿಮ್ಯುಲೇಟರಿನಲ್ಲಿ, ಕ್ಯಾಪ್ಟನ್ ಬೇಕೆಂದೇ ಮಾತಾಡದೆ ಕೂತುಬಿಡುತ್ತಾರೆ. ಹುಡುಗ ಬಾಯಿಬಿಡುತ್ತಾನೋ ಇಲ್ಲವೋ ಎಂದು ನೋಡುತ್ತಾರೆ. ಇದನ್ನೆಲ್ಲ ಕಲಿಸುವವರೂ ಬಹುಪಾಲು ದಿನನಿತ್ಯ ಹಾರುವ ಪೈಲಟ್ಟರೇ. ಇಳಿಯದೆ ಮೇಲೆ ಹೋದವರನ್ನು ಶಿಕ್ಷಿಸಬಾರದು ಎಂಬುದನ್ನೂ ಈಗ ವಿಮಾನ ಲೋಕ ಒಪ್ಪಿದೆ.

ಆದರೆ ತರಗತಿಯ ಪಾಠಕ್ಕಿಂತ ತನಗೆ ಹೆಚ್ಚು ಉಪಕಾರ ಮಾಡಿದ್ದು ಒಬ್ಬ ಕ್ಯಾಪ್ಟನ್ನರು ಎಂದು ಇವನು ಹೇಳಿದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಪಕ್ಕ ಕೂತನಂತೆ. ಹೊರಡುವ ಮೊದಲು ಅವರು, "ಈ ದಿನ ನಾನು ಎಲ್ಲಿಯಾದರೂ ಒಂದು ಕಡೆ ತಪ್ಪುತ್ತೇನೆ. ಅದನ್ನು ಹಿಡಿದರೆ ಇಳಿದ ಮೇಲೆ ಕಾಫಿ ನಂದು" ಎಂದರಂತೆ. ಹಾಗೆಂದು ಬಿಟ್ಟ ಮೇಲೆ ಹುಡುಗನಿಗೆ ಬಾಯಿ ಬಿಡಲು ಏನು ಭಯ? ಕಾಫಿ ಸಿಕ್ಕಿತೇ ಎಂದು ಕೇಳಿದೆ. ಎರಡು ಸಲ ಸಿಕ್ಕಿತಂತೆ. ಗದ್ದುಗೆಯಲ್ಲಿ ಕೂತವರು ತಾವಾಗಿ ಬಾಗಿಲು ತೆರೆಯದಿದ್ದರೆ ಕಿರಿಯನಿಗೆ ಎಷ್ಟು ತರಬೇತಿ ಕೊಟ್ಟರೂ ಅರ್ಧ ಮಾತ್ರ ಎಂದು ನನಗೆ ಅನಿಸಿತು.

ಇಷ್ಟು ಹೇಳಿದ್ದು ಕುರ್ಚಿಯಲ್ಲಿ ಕೂತಾಗಿನ ವಿಚಾರ. ಚಳ್ಳಕೆರೆಯವರು ಸೋತರೆ ಎತ್ತುವವರು ಯಾರು ಎಂದೂ ಕೇಳಿದ್ದಾರೆ. ಅದು ಇನ್ನೂ ಸೂಕ್ಷ್ಮವಾದದ್ದು.

2015ರ ಮಾರ್ಚ್ 24ರಂದು ಯೂರೋಪಿನಲ್ಲಿ ಜರ್ಮನ್‌ವಿಂಗ್ಸ್ ಎಂಬ ಕಂಪನಿಯ ಸಹಪೈಲಟ್, ಕ್ಯಾಪ್ಟನ್ ಹೊರಗೆ ಹೋದಾಗ ಬಾಗಿಲು ಹಾಕಿಕೊಂಡು ವಿಮಾನವನ್ನು ಬೆಟ್ಟಕ್ಕೆ ಒಯ್ದು ಹಾಕಿದ. 150 ಜನರ ಪ್ರಾಣ ಹೋಯಿತು. ಅವನಿಗೆ ಮನಸ್ಸಿನ ಕಾಯಿಲೆ ಇತ್ತು, ವೈದ್ಯರಲ್ಲಿಗೆ ಹೋಗುತ್ತಿದ್ದ, ಕಂಪನಿಗೆ ಮಾತ್ರ ಮುಚ್ಚಿಟ್ಟಿದ್ದ. ಏಕೆ ಮುಚ್ಚಿಟ್ಟ ಎಂದರೆ ಲೈಸೆನ್ಸ್ ಹೋಗುತ್ತದೆ ಎಂಬ ಭಯ. ಅವನ ಕೃತ್ಯಕ್ಕೆ ಕ್ಷಮೆ ಇಲ್ಲ. ಆದರೆ ಭಯ ಎಲ್ಲ ಪೈಲಟ್ಟರಿಗೂ ಇರುವಂಥದೇ. ಪೈಲಟ್ಟನಿಗೆ ವರ್ಷ ವರ್ಷ ವೈದ್ಯರ ಪರೀಕ್ಷೆ. ಅದರಲ್ಲಿ ತಪ್ಪಿದರೆ ಆ ದಿನದಿಂದ ಕೆಲಸವಿಲ್ಲ. ಲಕ್ಷಗಟ್ಟಲೆ ಸಾಲ ಮಾಡಿ ಕಲಿತ ಹುಡುಗ, ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ಯಾವ ಧೈರ್ಯದಿಂದ ವೈದ್ಯರಿಗೆ ಹೇಳುತ್ತಾನೆ? ಮನೆಯಲ್ಲಿ ಹೇಳಿದರೆ ತಾಯಿ ಹೆದರುತ್ತಾಳೆ. ಹೆಣ್ಣು ಕೊಡುವವರ ಕಿವಿಗೆ ಬಿದ್ದರೆ ಇನ್ನೊಂದು ಕಥೆ.

ಅದಕ್ಕೆ ಯೂರೋಪಿನವರು 2018ರಲ್ಲಿ ನಿಯಮ ಮಾಡಿ 2021ರ ಫೆಬ್ರವರಿಯಿಂದ ಜಾರಿಗೆ ತಂದರು. ಪ್ರತಿ ವಿಮಾನ ಕಂಪನಿಯ ಪೈಲಟ್ಟರಿಗೂ ಪಿಯರ್ ಸಪೋರ್ಟ್ ಎಂಬ ಏರ್ಪಾಡು ಸಿಗಬೇಕು. ಕನ್ನಡದಲ್ಲಿ ನಾನಾದರೆ ಸರೀಕರ ಆಸರೆ ಎನ್ನುತ್ತೇನೆ. ಈ ಸರೀಕ ಎಂಬ ಮಾತು ನಮ್ಮಲ್ಲಿ ಬೇರೆ ಅರ್ಥದಲ್ಲೇ ಓಡಾಡುತ್ತದೆ. ಸರೀಕರ ಮುಂದೆ ತಲೆ ತಗ್ಗಿಸಬಾರದು ಎಂದು ಮದುವೆಗೆ ಸಾಲ ಮಾಡುತ್ತೇವೆ, ವ್ಯಾಪಾರದಲ್ಲಿ ಏಟು ಬಿದ್ದರೂ ಸರೀಕರಿಗೆ ತಿಳಿಯಬಾರದು ಎಂದು ಹೊಸ ಕಾರು ಕೊಳ್ಳುತ್ತೇವೆ. ಕೊನೆಗೆ ಸಾಹುಕಾರನ ಕಷ್ಟ ಎಲ್ಲರಿಗೂ ತಿಳಿಯುವುದು ಬ್ಯಾಂಕಿನ ನೋಟೀಸು ಅಂಗಡಿ ಬಾಗಿಲಿಗೆ ಬಂದ ದಿನ. ಪೈಲಟ್ಟರು ಇದನ್ನು ತಿರುಗಿಸಿದ್ದಾರೆ. ಯಾರ ಮುಂದೆ ತಲೆ ತಗ್ಗಿಸಬಾರದೋ ಅವನ ಮುಂದೆಯೇ ಹೇಳಿಕೋ ಎನ್ನುತ್ತಾರೆ. ಏಕೆಂದರೆ ಬೆಳಗಿನ ಮೂರು ಗಂಟೆಗೆ ಎದ್ದು ಹೊರಡುವುದೇನೆಂದು, ಇಳಿಯುವಾಗ ಒಂದು ಕ್ಷಣ ಕೈ ನಡುಗಿದರೆ ಹೇಗಿರುತ್ತದೆಂದು ಅವನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಡೆಯುವ ರೀತಿ ಹೀಗೆ. ಪೈಲಟ್ಟರ ಪೈಕಿ ಕೆಲವರು ತಾವಾಗಿ ಮುಂದೆ ಬರುತ್ತಾರೆ. ಕೇಳಿಸಿಕೊಳ್ಳುವುದು ಹೇಗೆ ಎಂದು ಅವರಿಗೆ ತರಬೇತಿ ಕೊಡುತ್ತಾರೆ. ಕಷ್ಟದಲ್ಲಿರುವವನು ಅವರಲ್ಲೊಬ್ಬರಿಗೆ ಫೋನ್ ಮಾಡುತ್ತಾನೆ. ಅದು ಗಂಡ ಹೆಂಡಿರ ಜಗಳ ಇರಬಹುದು, ಸಾಲ ಇರಬಹುದು, ಪರೀಕ್ಷೆಯಲ್ಲಿ ಎರಡು ಸಲ ಬಿದ್ದದ್ದಿರಬಹುದು. ಕೇಳಿದವರು ಔಷಧ ಹೇಳುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಅವರ ಹಿಂದೆ ಒಬ್ಬ ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ ಇರುತ್ತಾರೆ, ಬೇಕಾದರೆ ಅಲ್ಲಿಗೆ ದಾರಿ ತೋರಿಸುತ್ತಾರೆ. ಹೇಳಿದ ಮಾತು ಕಂಪನಿಯ ಕಿವಿಗೆ ಹೋಗುವುದಿಲ್ಲ. ಜನರ ಪ್ರಾಣಕ್ಕೆ ಅಪಾಯವಿದೆ ಎಂದು ಕಂಡರೆ ಮಾತ್ರ ಆ ಗುಟ್ಟು ನಿಲ್ಲುವುದಿಲ್ಲ, ಮತ್ತು ಅದನ್ನು ಮೊದಲೇ ಹೇಳಿರುತ್ತಾರೆ.

ಜರ್ಮನಿಯಲ್ಲಿ ಅಪಘಾತ ಕಂಡ ಪೈಲಟ್ಟರಿಗೆ ಜೊತೆಗಾರರೇ ನಿಲ್ಲುವ ಒಂದು ಸಂಸ್ಥೆ 1994ರಿಂದಲೂ ಇದೆ. ಅಮೆರಿಕದಲ್ಲಿ ಕುಡಿತಕ್ಕೆ ಬಿದ್ದ ಪೈಲಟ್ಟರಿಗಾಗಿ 1974ರಲ್ಲೇ ಒಂದು ಏರ್ಪಾಡು ಹುಟ್ಟಿತು. ಜೊತೆಯ ಪೈಲಟ್ಟನೇ ಕೈಹಿಡಿದು ಚಿಕಿತ್ಸೆಗೆ ಒಯ್ದು, ವರ್ಷಗಟ್ಟಲೆ ಕಾವಲಿದ್ದು, ಸರಿಯಾದ ಮೇಲೆ ಮತ್ತೆ ಕುರ್ಚಿಗೆ ತಂದು ಕೂರಿಸುತ್ತಾನೆ. ಕುಡಿತದ ಮಾತು ನಮ್ಮ ಪತ್ರಿಕೆಯಲ್ಲಿ ಏಕೆ ಎನ್ನಬೇಡಿ. ಮುಚ್ಚಿಟ್ಟರೆ ಹೋಗಲಿ ಎನ್ನುವ ಸಂಗತಿ ಅದೊಂದೇ ಅಲ್ಲವಲ್ಲ.

ನಮ್ಮ ದೇಶದಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ., 2023ರ ಫೆಬ್ರವರಿಯಲ್ಲಿ ಸುತ್ತೋಲೆ ಹೊರಡಿಸಿ, ಪೈಲಟ್ಟರ ಮನಸ್ಸಿನ ಆರೋಗ್ಯ ನೋಡಿಕೊಳ್ಳಲು ಇಂಥ ಸರೀಕರ ಗುಂಪು ಮಾಡಿಕೊಳ್ಳಿ ಎಂದು ಕಂಪನಿಗಳಿಗೆ ಹೇಳಿತು. ಎರಡು ವರ್ಷ ಕಳೆದು 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು, ಕೆಳಗಿದ್ದವರೂ ಸೇರಿ 260 ಜನ ತೀರಿಕೊಂಡರು. ನಾಲ್ಕು ದಿನ ಕಳೆದು ಜೂನ್ 16ರಂದು ಒಂದೇ ದಿನ ಆ ಕಂಪನಿಯ 112 ಪೈಲಟ್ಟರು ಮೈ ಸರಿಯಿಲ್ಲವೆಂದು ರಜೆ ಹಾಕಿದರು. 51 ಜನ ಕ್ಯಾಪ್ಟನ್ನರು, 61 ಜನ ಸಹಪೈಲಟ್ಟರು. ಸರ್ಕಾರವೇ ಲೋಕಸಭೆಯಲ್ಲಿ ಹೇಳಿದ ಲೆಕ್ಕ ಇದು. ಪತ್ರಿಕೆಯಲ್ಲಿ ಓದಿದ ಕೆಲವರು, ಇಷ್ಟು ಸಂಬಳ ತೆಗೆದುಕೊಂಡು ಹೆದರಿ ಮನೆಯಲ್ಲಿ ಕೂತರೇ ಎಂದು ನಮ್ಮ ಅಂಗಡಿ ಕಟ್ಟೆಯಲ್ಲೇ ಆಡಿದರು. ನನಗೆ ಹಾಗೆ ಅನಿಸಲಿಲ್ಲ. ಮನಸ್ಸು ನೆಟ್ಟಗಿಲ್ಲದ ದಿನ ಹಾರುವುದಿಲ್ಲ ಎಂದು ಹೇಳಿದವರೇ ನನ್ನನ್ನು ಶಿಖರ್ಜಿಗೆ ಕರೆದೊಯ್ಯಲಿ.

ಸುತ್ತೋಲೆ ಬಂದ ಮಾತ್ರಕ್ಕೆ ಕೆಲಸ ಆಗಲಿಲ್ಲ ಎಂಬುದೂ ನಿಜ. ಕೆಲವು ಕಡೆ ಗುಂಪು ಚೆನ್ನಾಗಿದೆ, ಕೆಲವು ಕಡೆ ಗೋಡೆಯ ಮೇಲೆ ಫೋನ್ ನಂಬರು ಅಂಟಿಸಿ ಆಯಿತೆನ್ನುತ್ತಾರೆ ಎಂದು ಹುಡುಗ ಹೇಳಿದ. ನಂಬರಿಗೆ ಫೋನ್ ಮಾಡಿದರೆ ಹೆಸರು ಮೇಲಕ್ಕೆ ಹೋಗುತ್ತದೋ ಏನೋ ಎಂಬ ಅನುಮಾನ ಇರುವ ತನಕ ಯಾರೂ ಮಾಡುವುದಿಲ್ಲ. ನಂಬಿಕೆ ಇಲ್ಲದ ಕಡೆ ಹುಂಡಿ ಓಡುತ್ತದೆಯೇ?

ಹಾಗಾಗಿ ಚಳ್ಳಕೆರೆಯ ಬಂಧುಗಳಿಗೆ ನನ್ನ ಸಲಹೆ ಇಷ್ಟು. ಸೈಟು ಮಾರುವ ಮೊದಲು ಹುಡುಗನಿಗೆ ವೈದ್ಯರ ಪರೀಕ್ಷೆ ಮಾಡಿಸಿ. ಶಾಲೆ ನೋಡಲು ಹೋದಾಗ ವಿಮಾನ ಎಷ್ಟಿವೆ ಎಂದು ಕೇಳುವುದರ ಜೊತೆಗೆ, ಅಲ್ಲಿ ಕಲಿಯುತ್ತಿರುವ ಹಿರಿಯ ಹುಡುಗರೊಡನೆ ಇವನನ್ನು ಅರ್ಧ ದಿನ ಬಿಡಿ, ತಾವು ದೂರ ಹೋಗಿ ಕಾಫಿ ಕುಡಿಯಿರಿ. ಮುಂದೆ ಕೆಲಸಕ್ಕೆ ಸೇರಿದ ಮೇಲೆ ಇಂಥ ಗುಂಪು ಅಲ್ಲಿದೆಯೇ, ನಡೆಸುವವರು ಪೈಲಟ್ಟರೋ ಕಂಪನಿಯ ಅಧಿಕಾರಿಗಳೋ ಎಂದು ಅವನೇ ವಿಚಾರಿಸಿಕೊಳ್ಳಲಿ. ಮನೆಗೆ ಬಂದಾಗ ಎಷ್ಟು ಸಂಬಳ ಎಂದು ನೆಂಟರು ಕೇಳುವುದನ್ನು ತಾವು ತಪ್ಪಿಸಿದರೆ ಸಾಕು. ಇನ್ನೊಂದು. ಊಟಕ್ಕೆ ಕೂತಾಗ ತಂದೆಯ ಮಾತನ್ನು ಒಮ್ಮೆಯಾದರೂ ಅವನು "ಹಾಗಲ್ಲ ಅಪ್ಪಾಜಿ" ಎಂದು ತಿದ್ದಿದ್ದಾನೆಯೇ, ತಿದ್ದಿದಾಗ ತಾವು ಏನೆಂದಿರಿ, ನೆನಪಿಸಿಕೊಳ್ಳಿ. ಬಲಗಡೆ ಕುರ್ಚಿಯ ಮೊದಲ ತರಬೇತಿ ಅಲ್ಲೇ ಆಗುತ್ತದೆ.

ಹಿಂದೂಪುರದ ಮದುವೆಯಲ್ಲಿ ನಾವು ಪಂಕ್ತಿಗೆ ಕೂರುವ ಹೊತ್ತಿಗೆ ಹುಡುಗನಿಗೆ ಫೋನ್ ಬಂತು. ತಾನೂ ಹೋದ ವರ್ಷದಿಂದ ಆ ಗುಂಪಿನಲ್ಲಿದ್ದೇನೆ ಎಂದು ಸ್ವಲ್ಪ ಮೊದಲು ಹೇಳಿದ್ದ. ಎದ್ದು ಛತ್ರದ ಹಿಂದೆ ನೀರಿನ ಟ್ಯಾಂಕರ್ ನಿಂತಿದ್ದ ಕಡೆಗೆ ಹೋದ. ಅನ್ನ ಬಡಿಸಿ ಆಯಿತು, ಸಾರು ಆಯಿತು, ಹೋಳಿಗೆ ಬಂದು ಹೋಯಿತು. ಅವನ ಎಲೆ ಹಾಗೇ ಇತ್ತು. ಅವನ ತಾಯಿ ಎರಡು ಸಲ ಆಳು ಕಳಿಸಿದರು. ಮುಕ್ಕಾಲು ಗಂಟೆ ಬಿಟ್ಟು ಬಂದು, ಎರಡನೇ ಪಂಕ್ತಿಯಲ್ಲಿ ಮಕ್ಕಳ ಸಾಲಿನ ಕೊನೆಗೆ ಕೂತ.

"ಯಾರೋ ಅದು, ಊಟ ಬಿಡಿಸಿದವರು?" ಎಂದು ತಾಯಿ ಗದರಿದರು.

"ಗೊತ್ತಿರೋರಮ್ಮ" ಎಂದು ಎಲೆಗೆ ನೀರು ಚಿಮುಕಿಸಿಕೊಂಡ.